ಎರಡನೇ ತೊಟ್ಟಿ

ನಮ್ಮಣ್ಣ ಅಂತೋಣಿಸ್ವಾಮಿಗೆ ಊರ ಉಸಾಬರಿಯೆಲ್ಲ ಬೇಕು. ಸರ್ಕಾರಿ ಇಂಜಿನಿಯರ್ ಆಗಿದ್ದುಕೊಂಡು, ಗೋಕುಲಂನ ನಮ್ಮ ಮನೆಯ ನಲ್ಲಿ ಸೋರಿದರೆ ಹಳೇ ಬಟ್ಟೆ ಸುತ್ತಿ ಕೈತೊಳೆದುಕೊಳ್ಳುವ ಆಸಾಮಿ. ಅಂಥವನು ೧೯೬೧ರಲ್ಲಿ ಆಫ್ರಿಕಾದ ಒಂದು ಹಳ್ಳಿಗೆ ನೀರು ಕೊಡಿಸಲು ಹೊರಟ.

ಇದಕ್ಕೆ ಮೂಲ ಪೀಟರ್ ಕಿಮಾರೊ. ಟಾಂಗನೀಕಾದವನು, ಸ್ಕಾಲರ್‌ಶಿಪ್ಪಿನ ಮೇಲೆ ಮೈಸೂರಿಗೆ ಓದಲು ಬಂದಿದ್ದ. ಭಾನುವಾರದ ಪೂಜೆಗೆ ನಮ್ಮ ಚರ್ಚಿಗೇ ಬರುತ್ತಿದ್ದ. ಹಾಸ್ಟೆಲಿನ ಸಾರು ತಿಂದು ಬಡಕಲಾಗಿದ್ದವನನ್ನು ನೋಡಲಾರದೆ ಊಟಕ್ಕೆ ಕರೆದವಳು ನಾನೇ. ಅವನ ಊರು ಗುಡ್ಡದ ಇಳಿಜಾರಿನಲ್ಲಿದೆಯಂತೆ. ಮೇಲೆ ಕಾಡಿನೊಳಗೆ ಎಂದೂ ಬತ್ತದ ಒರತೆ, ಅಲ್ಲಿಂದ ಹೆಂಗಸರು ನೀರು ಹೊತ್ತು ಇಳಿಯಬೇಕು. ಪೈಪು ಹಾಕಿದರೆ ನೀರು ತಾನಾಗಿ ಊರಿಗೆ ಬರುತ್ತದೆ. ಪೈಪು ಕೊಡಲು ಅಲ್ಲಿನ ಮಿಷನ್ನಿನವರಿದ್ದರು, ಅಗೆಯಲು ಊರಿನವರಿದ್ದರು. ಬೇಕಾಗಿದ್ದದ್ದು ಒಂದು ಪ್ಲಾನು, ಜೊತೆಗೆ ಸಂಬಳ ಕೇಳದೆ ಒಂದು ವರ್ಷ ಅಲ್ಲಿದ್ದು ಕೆಲಸ ಮಾಡಿಸುವ ಒಬ್ಬ ಇಂಜಿನಿಯರು. ಅಣ್ಣ ಅನ್ನ ಕಲಸುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿ, “ನಾವು ಮಾಡ್ತೀವಿ” ಅಂದುಬಿಟ್ಟ.

ಸರಿ, ಕಮಿಟಿ ಆಯಿತು. ಅಧ್ಯಕ್ಷರು ಅನಂತಪದ್ಮನಾಭ ಅವರು, ಅಣ್ಣನ ಹಳೇ ಮೇಲಧಿಕಾರಿ, ರಿಟೈರಾದವರು. ಭಾನುವಾರ ಭಾನುವಾರ ನಮ್ಮ ವರಾಂಡಕ್ಕೆ ಬರುವಾಗ ಕಾಫಿಯನ್ನು ಫ್ಲಾಸ್ಕಿನಲ್ಲಿ ಮನೆಯಿಂದಲೇ ತರುತ್ತಿದ್ದರು. ಡಾಕ್ಟರು ಹೊರಗಡೆ ಕಾಫಿ ಬೇಡ ಅಂದಿದ್ದಾರಮ್ಮ ಅನ್ನುವರು. ಎಂಥ ಡಾಕ್ಟರೋ, ಹೋಟೆಲಿನ ಕಾಫಿಗೆ ಅವರದೇನೂ ಅಭ್ಯಂತರವಿರಲಿಲ್ಲ. ಕ್ರಿಸ್ತುವರ ಮನೆಯದು ಮಾತ್ರ ಆಗದು. ನಾನು ಬೇಕೆಂದೇ ಪ್ರತಿ ವಾರ ಒಂದು ಲೋಟ ಅವರ ಮುಂದೆ ಇಟ್ಟು ಬರುತ್ತಿದ್ದೆ.

ಹೋಗಲು ಮುಂದೆ ಬಂದವನು ಸಿದ್ದರಾಜು. ಅಣ್ಣನ ಕೈಕೆಳಗೆ ಕೆಲಸಕ್ಕಿದ್ದ ಹೊಸ ಇಂಜಿನಿಯರು. ಹಿನಕಲ್‌ನ ಹರಿಜನ ಕೇರಿಯಿಂದ ಅಷ್ಟು ಓದಿದವನು ಅವನೊಬ್ಬನೇ. ಆಫೀಸಿನಲ್ಲಿ ಅವನ ನೀರಿನ ಲೋಟವನ್ನು ಜವಾನ ಕಿಟಕಿಯ ಮೇಲೆ ಬೇರೆ ಇಡುತ್ತಿದ್ದನಂತೆ. ಅದನ್ನು ಅವನಾಗಿ ಎಂದೂ ಹೇಳಲಿಲ್ಲ, ಅಣ್ಣ ಹೇಳಿದ್ದು. “ನೀನು ಆಫೀಸರ್ ಅಲ್ಲವೇನೋ, ಗದರಿಸಬಾರದಾ?” ಅಂತ ನಾನು ಕೇಳಿದರೆ ಅಣ್ಣ ಪೇಪರು ಓದುತ್ತಿದ್ದ.

“ಒಂದು ವರ್ಷ ನಿಮ್ಮಮ್ಮನ್ನ ಬಿಟ್ಟು ಇರ್ತೀಯೇನೋ?” ಅಂತ ಒಂದು ದಿನ ಸಿದ್ದರಾಜುವನ್ನು ಕೇಳಿದೆ.

“ಇರ್ತೀನಿ ಸೆಲಿನಕ್ಕ. ಅಲ್ಲಿ ಯಾವೂರು ಅಂತ ಕೇಳ್ತಾರೆ, ಹಿನಕಲ್ ಅಂತೀನಿ. ಅಷ್ಟೇ. ಹಿನಕಲ್‌ನಲ್ಲಿ ಯಾವ ಬೀದಿ ಅಂತ ಯಾರೂ ಕೇಳಲ್ಲ. ಒಂದೇ ಒಂದು ವರ್ಷ ಅಂಗೆ ಇದ್ದು ಬಂದ್ಬುಟ್ರೆ ಸಾಕು ಕಣಕ್ಕ, ಆಮೇಲೆ ಏನಾದ್ರೂ ತಡ್ಕೋತೀನಿ.”

ಅವನು ಹಾಗೆ ಬಾಯಿಬಿಟ್ಟು ಏನನ್ನೂ ಬೇಡಿದ್ದನ್ನು ನಾನು ಕಂಡಿರಲಿಲ್ಲ. ಇವನು ಹೋಗಲೇಬೇಕು ಅಂತ ನನಗೂ ಹಟ ಹತ್ತಿತು.

ಪ್ಲಾನು ಬರೆದವನೂ ಅವನೇ. ಪೀಟರ್ ತನ್ನೂರಿನ ಮನೆ, ಬಾಳೆತೋಟ, ದಾರಿ ಎಲ್ಲ ಗುರುತಿಸಿ ಒಂದು ನಕ್ಷೆ ಕೊಟ್ಟಿದ್ದ. ಅದನ್ನಿಟ್ಟುಕೊಂಡು ಸಿದ್ದರಾಜು ಆಫೀಸು ಮುಗಿಸಿ ನಮ್ಮ ಊಟದ ಮೇಜಿನ ಮೇಲೆ ಕೂತು ಎಳೆದ. ಮೇಜು ಬಿಟ್ಟುಕೊಟ್ಟು ನಾವು ಅಷ್ಟು ದಿನವೂ ನೆಲದ ಮೇಲೆ ಉಂಡೆವು. ಅಣ್ಣ ನೋಡಿ ಸೈ ಅಂದ. ಅನಂತಪದ್ಮನಾಭರು ಕೆಂಪು ಪೆನ್ಸಿಲ್ ಹಿಡಿದು ಪೈಪಿನ ಗಾತ್ರ, ಇಳಿಜಾರಿನ ಲೆಕ್ಕ ಎಲ್ಲ ಪರೀಕ್ಷಿಸಿ, “ಭೇಷ್ ಕಣಯ್ಯಾ” ಅಂತ ಕೆಳಗೆ ಸಹಿ ಹಾಕಿದರು. ಪಾಸ್‌ಪೋರ್ಟು ಬಂತು. ಬೊಂಬಾಯಿಯಿಂದ ಹಡಗು. ಅವನ ತಾಯಿ ದೇವಿರಮ್ಮ, ಮಗ ಸಮುದ್ರ ದಾಟುತ್ತಾನೆ ಅಂತ ಕೇರಿಯಲ್ಲೆಲ್ಲ ಹೇಳಿಕೊಂಡು ಬಂದಳು.

ಪರೀಕ್ಷೆಯ ಗಲಾಟೆಯಲ್ಲಿ ಪೀಟರ್ ಒಬ್ಬನೇ ಪ್ಲಾನು ನೋಡಿರಲಿಲ್ಲ. ಪರೀಕ್ಷೆ ಮುಗಿದ ಭಾನುವಾರ ಕಮಿಟಿಯ ಮೀಟಿಂಗಿಗೆ ಬಂದ. ಸಿದ್ದರಾಜು ಹಾಳೆ ಬಿಚ್ಚಿ, ಮೂಲೆಗಳಿಗೆ ನನ್ನ ಲೋಟಗಳನ್ನೇ ಇಟ್ಟು ತೋರಿಸಿದ. ಒರತೆ, ಪೈಪು, ಊರ ನಡುವೆ ದೊಡ್ಡ ತೊಟ್ಟಿ, ಸುತ್ತ ನಲ್ಲಿಗಳು. ಪೀಟರನ ಮುಖ ಅರಳಿತು. ನಮ್ಮಮ್ಮನ ಮನೆಯ ಮುಂದೆಯೇ ನಲ್ಲಿ ಬರುತ್ತದೆ ಅಂತ ಬೆರಳಿಟ್ಟು ನನಗೆ ತೋರಿಸಿದ. ಆಮೇಲೆ ಬೆರಳು ಇನ್ನೂ ಕೆಳಕ್ಕೆ, ಬಾಳೆತೋಟ ದಾಟಿ ಹೋಗಿ ನಿಂತಿತು.

“ಇದೇನು? ಇಲ್ಲೊಂದು ಚಿಕ್ಕ ತೊಟ್ಟಿ ಇದೆಯಲ್ಲ?” ಅಂತ ಇಂಗ್ಲಿಷಿನಲ್ಲಿ ಕೇಳಿದ. “ಇಲ್ಲಿ ಒಂದು ಮನೆಯೂ ಇಲ್ಲ. ಈ ನೀರು ಯಾರಿಗೆ?”

ನನಗೆ ನಕ್ಷೆ ಗಿಕ್ಷೆ ತಿಳಿಯದು. ಆದರೆ ಆ ಮೂವರ ಮುಖ ನೋಡಿ ಏನೋ ಎಡವಟ್ಟಾಗಿದೆ ಅಂತ ಗೊತ್ತಾಯಿತು.

“ದನಕರುಗಳಿಗೆ,” ಅಂದ ಅಣ್ಣ.

“ನಮ್ಮಲ್ಲಿ ದನಗಳನ್ನು ಮನೆಯೊಳಗೇ ಕಟ್ಟುತ್ತೇವೆ. ಹೊರಗೆ ಬಿಡುವುದಿಲ್ಲ.”

ಪೀಟರ್ ತಲೆಯೆತ್ತಿ ಸಿದ್ದರಾಜುವನ್ನು ನೋಡಿದ. ಅವನ ಜೊತೆ ಹಿನಕಲ್‌ಗೆ ಹೋಗಿ ದೇವಿರಮ್ಮನ ಕೈಯ ಮುದ್ದೆ ಉಂಡು ಬಂದವನು. ಊರೊಳಗಿನ ಬಾವಿಯನ್ನೂ, ಕೇರಿಯ ಆಚೆಗಿನ ಬಾವಿಯನ್ನೂ ನೋಡಿದ್ದ. “ಓ” ಅಂದ, ಅಷ್ಟೇ. ಲೋಟಗಳನ್ನು ಒಂದೊಂದಾಗಿ ಎತ್ತಿಟ್ಟು ಹಾಳೆಯನ್ನು ಮೆಲ್ಲಗೆ ಸುತ್ತಿದ.

ಅನಂತಪದ್ಮನಾಭರು ಕೆಮ್ಮಿದರು. “ಡ್ರಾಯಿಂಗ್ ಮಾಡಿದವರ ಅಚಾತುರ್ಯ. ತೆಗೆಸಿಹಾಕೋಣ.” ಸಿದ್ದರಾಜು ಎದ್ದು ನಿಂತಿದ್ದ. ಸ್ವಲ್ಪ ಹೊತ್ತಿಗೆ ಸೈಕಲ್ ತೆಗೆದುಕೊಂಡು ಹೊರಟೇಹೋದ.

ಮುಂದಿನ ಭಾನುವಾರದ ಮೀಟಿಂಗಿಗೆ ಅವನನ್ನು ಕರೆಯಲಿಲ್ಲ. ಬಾಗಿಲ ಹಿಂದೆ ನಿಂತು ನಾನು ಕೇಳಿಸಿಕೊಂಡೆ. ಕೇಳಿಸಿಕೊಳ್ಳಬಾರದು ಅಂತ ನನಗೆ ಅನ್ನಿಸಲೂ ಇಲ್ಲ.

“ಅಲ್ಲಯ್ಯಾ ಅಂತೋಣಿ, ನಮ್ಮ ಮನೆಯ ಹುಳುಕನ್ನ ಹೊರದೇಶದವರ ಮುಂದೆ ಬಿಚ್ಚಿಡ್ತಾರೇನಯ್ಯಾ? ಇವನು ಅಲ್ಲಿಗೆ ಹೋಗಿ ಇನ್ನೂ ಏನೇನು ಮಾಡ್ತಾನೋ. ದೇಶದ ಮರ್ಯಾದೆ ಪ್ರಶ್ನೆ. ನಮ್ಮ ತಂಗಿ ಮಗ ಸುಂದರೇಶ ಇದ್ದಾನಲ್ಲ, ಅವನನ್ನ ಕಳಿಸೋಣ,” ಅಂದರು ಅನಂತಪದ್ಮನಾಭರು.

ಪೀಟರ್ ಮಾತ್ರ, ಸಿದ್ದರಾಜುವೇ ಬರಲಿ, ನಮ್ಮೂರಿನವರಿಗೆ ಅವನ ಹೆಸರು ಬರೆದಾಗಿದೆ ಅಂತ ಎರಡೆರಡು ಸಲ ಹೇಳಿದ. ಯಾರನ್ನು ಕಳಿಸಬೇಕು ಅನ್ನುವುದು ಕಳಿಸುವವರಿಗೆ ಬಿಟ್ಟದ್ದು ಅಂದುಬಿಟ್ಟರು ಅಧ್ಯಕ್ಷರು. ಅಣ್ಣ ತುಟಿಪಿಟಿಕ್ಕೆನ್ನಲಿಲ್ಲ.

ಅವರೆಲ್ಲ ಹೋದ ಮೇಲೆ ನನ್ನ ಕೋಪ ನೆತ್ತಿಗೇರಿತ್ತು. “ನಿನ್ನ ಬಾಯಿಗೇನು ಬಂದಿತ್ತೋ? ಸೈ ಅಂದು ಸಹಿ ಹಾಕಿದ್ದು ನೀವಿಬ್ಬರು! ಆವಾಗ ನಿಮ್ಮ ಕಣ್ಣಿಗೆ ಮಣ್ಣು ಬಿದ್ದಿತ್ತಾ?”

“ಕಾಣಲಿಲ್ಲ ಕಣೇ ಸೆಲಿನಾ,” ಅಂದ. “ದೇವರಾಣೆ. ಯಾವ ಊರಿನ ಪ್ಲಾನು ನೋಡಿದರೂ ಎರಡು ತೊಟ್ಟಿ ಇದ್ದೇ ಇರ್ತವೆ. ಕಣ್ಣು ಅಲ್ಲಿ ನಿಲ್ಲೋದೇ ಇಲ್ಲ.”

“ಹಾಗಾದ್ರೆ ತಪ್ಪು ಅವನೊಬ್ಬನದು ಹೇಗಾಯ್ತು?”

“ಹಿರಿಯರು. ನಾನೇನು ಹೇಳಲಿ?”

ಜಪಮಾಲೆ ಹಿಡಿದು ಮೊಣಕಾಲೂರುವ ಮನುಷ್ಯ ಇವನು. ಅವತ್ತು ರಾತ್ರಿ ಅವನಿಗೆ ಊಟ ಬಡಿಸಲಿಲ್ಲ. ಹಾಕಿಕೊಂಡು ತಿನ್ನಲಿ ಅಂತ ಮಲಗಿಬಿಟ್ಟೆ.

ಆ ವಾರವೇ ಒಂದು ಸಾಯಂಕಾಲ ಸಿದ್ದರಾಜು ಬಂದ. ಅಣ್ಣ ಇನ್ನೂ ಆಫೀಸಿನಲ್ಲಿದ್ದ. ಪ್ಲಾನನ್ನು ಹೊಸದಾಗಿ ಬರೆದು ತಂದಿದ್ದ. ತೊಟ್ಟಿ ಒಂದೇ. ಉಳಿದ ಪೈಪಿನಲ್ಲಿ ಮೇಲಿನ ಮನೆಗಳಿಗೂ ನಲ್ಲಿ ಕೊಟ್ಟಿದ್ದೇನೆ, ಸುಂದರೇಶನಿಗೆ ತೋರಿಸಬೇಕು ಅಂದ. ವಿಷಯ ಅವನಿಗೆ ಆಗಲೇ ತಿಳಿದಿತ್ತು. ಯಾರು ಹೇಳಿದರೋ.

“ಇದನ್ನೂ ನೀನೇ ಬರ್ಕೊಡ್ಬೇಕಿತ್ತೇನೋ? ಮುಖದ ಮೇಲೆ ಎಸೆದು ಬರೋದಲ್ವಾ?” ಅಂದೆ.

“ನೀರು ಏನು ತಪ್ಪು ಮಾಡ್ತಕ್ಕ?”

ಒಳಗೆ ಬಾ ಅಂದರೂ ಬಾರದೆ ಮೆಟ್ಟಿಲ ಮೇಲೆ ಕೂತ. ನನಗೆ ತಡೆಯಲಾಗಲಿಲ್ಲ. “ನೀನಾದರೂ ಅದನ್ನ ಯಾಕೆ ಹಾಕಿದೆಯೋ? ಎಲ್ಲ ಬಿಟ್ಟು ನೀನು! ಅನಂತಪದ್ಮನಾಭರು ಹಾಕು ಅಂದ್ರಾ? ಅಂದಿದ್ರೆ ಹೇಳು, ಇವತ್ತೇ ಹೋಗಿ ಅವರ ಮನೆ ಬಾಗಿಲಲ್ಲಿ ನಿಂತು ಕೇಳ್ತೀನಿ.”

“ಯಾರೂ ಹೇಳ್ಲಿಲ್ಲ. ನಾನೇ ಹಾಕ್ದೆ. ಮೊದ್ಲು ಅದನ್ನೇ ಹಾಕ್ದೆ.”

ಮೊದಲು ಅಂದರೇನು ಅಂತ ನನಗೆ ಅರ್ಥವಾಗಲಿಲ್ಲ.

“ನಾನು ಕಂಡ ಊರಲ್ಲೆಲ್ಲ ಅಂಗೇ ಅಲ್ವಾ. ಪ್ಲಾನಲ್ಲಿ ನಮ್ದು ಅಂತ ಒಂದು ತೊಟ್ಟಿ ಬರ್ದಿರದಿದ್ರೆ ನಮ್ಮವ್ರಿಗೆ ನೀರಿಲ್ಲ. ದೊಡ್ಡ ತೊಟ್ಟಿ ತುಂಬಿ ಹರೀತಿದ್ರೂ ನಮ್ಮವ್ವ ಕೊಡ ಇಟ್ಕೊಂಡು ಯಾರಾದ್ರೂ ಹುಯ್ಲಿ ಅಂತ ದೂರ ನಿಂತ್ಕೋಬೇಕು. ಪೀಟರ್ ನಕ್ಷೇಲಿ ಊರಾಚೆ ಬರೀ ಖಾಲಿ ಜಾಗ ಇತ್ತು. ಪಾಪ, ಅಲ್ಲಿನ ನಮ್ಮಂಥವ್ರನ್ನ ಬರಿಯೋದು ಮರ್ತಿದ್ದಾನೆ ಅಂದ್ಕೊಂಡೆ. ಅವ್ರ ಹೆಣ್ಣುಮಕ್ಳೂ ನಿಂತ್ಕೋಬಾರ್ದು ಅಂತ ಹಾಕ್ದೆ.”

ಮೂವತ್ತು ಮಕ್ಕಳ ಕ್ಲಾಸನ್ನು ಒಂದೇ ಗದರಿಕೆಯಲ್ಲಿ ಸುಮ್ಮನಾಗಿಸುವ ನಾನು ಕಂಬ ಹಿಡಿದುಕೊಂಡು ಅಳುತ್ತ ನಿಂತೆ. ಅವನು ಅಳಲಿಲ್ಲ. ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡ.

“ಅಂಥವ್ರು ಇಲ್ದಿರೋ ಊರೂ ಒಂದಿರತ್ತೆ ಅಂತ ನಂಗೊತ್ತಿರ್ಲಿಲ್ಲ ಕಣಕ್ಕ,” ಅಂದ. “ಒಂದ್ಸಲ ಕಣ್ಣಲ್ಲಿ ನೋಡ್ಬೇಕಿತ್ತು.”