ನಳಿನಾಕ್ಷಿ ತೂಗಿದ ಚಾವಿಗೊಂಚಲು

ಉಲ್ಹಾಸನಗರದ ಮೆಕ್ಯಾನಿಕ್ ಪ್ರೇಮನಾಥನಿಗೆ ಡೊಂಬಿವಲಿಯ ಹೋಟೆಲ್ ಮಾಲೀಕ ಧರ್ಮಪಾಲ ಕೊಡಬೇಕಾದ ಎರಡು ಸಾವಿರದ ಇನ್ನೂರು ರೂಪಾಯಿ ಕೂಲಿ ಇವತ್ತಿಗೂ ಬಾಕಿ ಇದೆ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ನಳಿನಾಕ್ಷಿ ಎಂಬ ಹೆಂಗಸು ಯಾವ ಮಾತನ್ನು ಆರಂಭಿಸಿದರೂ ಇಲ್ಲಿಂದಲೇ ಆರಂಭಿಸುತ್ತಾಳೆ. ನಮಸ್ಕಾರ, ಕ್ಷೇಮಸಮಾಚಾರ, ಲೋಕಲ್ ರೈಲಿನ ನೂಕುನುಗ್ಗಲು ಎಲ್ಲ ಆಮೇಲೆ. ಮೊದಲು ಯಾರು ಯಾರಿಗೆ ಏನು ಕೊಡಬೇಕು ಅನ್ನುವುದು.

ಐವತ್ತಾರರ ಈಕೆ ದಿವಾ ನಿಲ್ದಾಣದಲ್ಲಿ ಮೂವತ್ತು ವರ್ಷ ರೈಲು ಹತ್ತಿ ಹತ್ತಿ ಬಲಭುಜ ಮುಂದಿಟ್ಟು ನಡೆಯುವುದನ್ನು ಕಲಿತವಳು. ನಿರ್ಜನ ರಸ್ತೆಯಲ್ಲೂ ಕಣ್ಣಿಗೆ ಕಾಣದ ಗುಂಪೊಂದನ್ನು ಸೀಳುತ್ತಿರುವಂತೆಯೇ ಬರುತ್ತಾಳೆ. ಮೇ ತಿಂಗಳ ಬೇಗೆಯಲ್ಲೂ ಸೀರೆಯ ಮೇಲೊಂದು ನೀಲಿ ಕೋಟು. ತುರ್ಭೆಯಲ್ಲಿ ವಾಹನಗಳ ವಯರು ಹೆಣೆಯುತ್ತಿದ್ದ ಕಾರ್ಖಾನೆಯೊಂದು ಹೇಳದೆ ಕೇಳದೆ ಬಾಗಿಲು ಹಾಕಿದಾಗ ಗೇಟಿನೆದುರು ಎಪ್ಪತ್ತು ದಿನ ಕೂತ ಹೆಂಗಸರ ಸಾಲಿನಲ್ಲಿ ಅವಳೂ ಇದ್ದಳು, ಕೋಟು ಅಲ್ಲಿಯದು. ಜೇಬಿನ ಮೇಲೆ ಹೊಲಿದಿದ್ದ ಕಂಪನಿಯ ಹೆಸರನ್ನು ಬ್ಲೇಡಿನಿಂದ ಎಳೆ ಎಳೆಯಾಗಿ ಬಿಡಿಸಿ ಎಸೆದಿದ್ದಾಳೆ, ಕೋಟನ್ನು ಎಸೆದಿಲ್ಲ. ಕೇಳಿದರೆ, "ಬಟ್ಟೆ ಎಂಥ ತಪ್ಪು ಮಾಡಿದೆ?" ಅನ್ನುತ್ತಾಳೆ. ಆ ಕಷ್ಟದ ದಿನಗಳಲ್ಲಿ, ಹೆಂಗಸಿಗೆ ಗ್ಯಾರೇಜಿನಲ್ಲೇನು ಕೆಲಸ ಎಂದು ಕೇಳದೆ, ತನ್ನ ಶೆಡ್ಡಿನ ಮೂಲೆಯಲ್ಲೊಂದು ಸ್ಟೂಲು ಹಾಕಿ ಕಾರಿನ ವಯರಿಂಗ್ ಕೆಲಸ ಒಪ್ಪಿಸಿದವನು ಪ್ರೇಮನಾಥ.

ಅವಳ ಬಾಯಲ್ಲಿ 'ಯಾಕೆ' ಎಂಬ ಪ್ರಶ್ನೆ ಬರುವುದಿಲ್ಲ. ಬರುವುದೊಂದೇ: "ಯಾವಾಗ?" ಕೆಟ್ಟ ಕಾರಿನ ಬಾನೆಟ್ಟನ್ನು ಅವಳು ಒಮ್ಮೆಗೇ ಎತ್ತುವವಳೂ ಅಲ್ಲ. ಮೊದಲು ಮಾಲೀಕನ ಪಕ್ಕದ ಸೀಟಿನಲ್ಲಿ ಕೂರಬೇಕು, ಅವನು ಓಡಿಸುವುದನ್ನು ನೋಡಬೇಕು. ಯಂತ್ರವೊಂದರ ರೋಗದಲ್ಲಿ ಅರ್ಧ ಪಾಲು ಅದನ್ನು ಆಳುವವನದು ಎಂಬುದು ಗೇಟಿನೆದುರು ಕೂತಾಗ ಅವಳಿಗೆ ಸಿದ್ಧಿಸಿದ ಜ್ಞಾನ.

ಧರ್ಮಪಾಲನ ಕೆನೆಬಣ್ಣದ ಫಿಯಟ್ ಅವನ ಅಪ್ಪನ ಕಾಲದ್ದು, ಐವತ್ತು ದಾಟಿದ ಗಾಡಿ. ಬೆಳಿಗ್ಗೆ ಒಂದೇ ತಿರುವಿಗೆ ಗರ್ಜಿಸುವುದು, ಮಧ್ಯಾಹ್ನ ಸತ್ತಂತೆ ಬೀಳುವುದು, ಮತ್ತೆ ಸಂಜೆ ಏನೂ ಆಗಿಲ್ಲವೆಂಬಂತೆ ಹೊರಡುವುದು. ಕಲ್ಯಾಣದ ಒಬ್ಬ ಬ್ಯಾಟರಿ ಬದಲಿಸಿದ, ಠಾಣೆಯ ಇನ್ನೊಬ್ಬ ಕಾಯಿಲ್ ಬದಲಿಸಿದ. ಕೊನೆಗೆ ಪ್ರೇಮನಾಥ ಸ್ಟಾರ್ಟರ್ ಮೋಟರನ್ನು ಬಿಚ್ಚಿ, ತೊಳೆದು, ಸವೆದ ಬ್ರಶ್ ಹೊಸದು ಹಾಕಿದ. ಗಾಡಿ ಅವನ ಶೆಡ್ಡಿನಲ್ಲಿ ಇಪ್ಪತ್ತು ಸಲ ಶುರುವಾಯಿತು, ಮರುದಿನ ಹೋಟೆಲಿನ ಎದುರು ಮತ್ತೆ ಮೂಕವಾಯಿತು. ಧರ್ಮಪಾಲ ಕೂಲಿ ಕೊಡಲಿಲ್ಲ. ಅದು ಸಾಲದೆಂಬಂತೆ ಇಲ್ಲಿ ನೆಲೆಸಿದ ತಮ್ಮೂರಿನವರ ಸಂಘದ ಸಭೆಯಲ್ಲಿ ಎದ್ದು ನಿಂತು, ಪ್ರೇಮನಾಥ ಅಸಲಿ ಮೋಟರ್ ಕದ್ದು ಗುಜರಿ ಅಂಗಡಿಯದ್ದು ಕೂರಿಸಿದ್ದಾನೆಂದು ಸಾರಿದ. ಎರಡೇ ತಿಂಗಳಲ್ಲಿ ಪ್ರೇಮನಾಥನ ಶೆಡ್ಡಿನ ಮುಂದೆ ನಿಲ್ಲುವ ಕಾರುಗಳು ಅರ್ಧಕ್ಕಿಳಿದವು.

ಒಂದು ಮಧ್ಯಾಹ್ನ ಮೂರಕ್ಕೆ, ಊಟದ ಗದ್ದಲ ಮುಗಿಯುವ ಹೊತ್ತಿಗೆ, ಭುಜ ಮುಂದಿಟ್ಟುಕೊಂಡು ನಳಿನಾಕ್ಷಿ ಆ ಹೋಟೆಲಿಗೆ ನುಗ್ಗಿದಳು.

"ಧರ್ಮಣ್ಣ, ಪ್ರೇಮನಾಥನ ದುಡ್ಡು?"

"ಕಳ್ಳನಿಗೆ ಎಂಥ ದುಡ್ಡು ನಳಿನಕ್ಕ? ಚಾ ಕುಡೀರಿ."

"ಚಾ ಆಮೇಲೆ. ಗಾಡಿ ನಿಲ್ಲುವುದು ಯಾವಾಗ?"

"ಅದಕ್ಕೆ ಮನಸ್ಸು ಬಂದಾಗ."

"ಗ್ಯಾರೇಜಿನಲ್ಲಿ ಒಂದು ಸಲವಾದ್ರೂ ನಿಂತದ್ದುಂಟಾ?"

"ಇಲ್ಲ ಮಾರಾಯ್ತಿ! ಅಲ್ಲಿಗೆ ಹೋದ ಕೂಡ್ಲೆ ಹೊಸ ಮದುಮಗಳ ಹಾಗೆ. ಈ ಮೆಕ್ಯಾನಿಕ್ ಲೋಗ್ ಸಬ್ ಮಿಲೇ ಹುವೇ ಹೈ, ಎಲ್ಲ ಒಳಗೊಳಗೇ ಒಂದು!"

ಹೀಗೆನ್ನುತ್ತಲೇ ಅವನು ಸೊಂಟದಿಂದ ಚಾವಿಯ ಗೊಂಚಲನ್ನು ಕಳಚಿದ. ಶಟರಿನವು ಎರಡು, ಉಗ್ರಾಣದ್ದು, ಫ್ರಿಜ್ಜಿನದು, ದೇವರ ಹುಂಡಿಯದು, ಗಲ್ಲಾಪೆಟ್ಟಿಗೆಯದು, ಇನ್ನೂ ಯಾವುಯಾವುದೋ. ಜೊತೆಗೊಂದು ಹಿತ್ತಾಳೆಯ ಗಣಪತಿ, ಕಬ್ಬಿಣದ ಬಾಟಲಿ ಓಪನರ್. ಅದರಿಂದ ಕಾರಿನ ಚಾವಿಯೊಂದನ್ನೇ ಉಗುರಿನಲ್ಲಿ ಬಿಡಿಸಿ, ಬೇಕಾದರೆ ನೀವೇ ನೋಡಿ ಎಂಬಂತೆ ಅವಳತ್ತ ಚಾಚಿದ.

ನಳಿನಾಕ್ಷಿ ಕೈ ಚಾಚಲಿಲ್ಲ. ಆ ಒಂಟಿ ಚಾವಿಯನ್ನೇ ನೋಡುತ್ತ ನಿಂತಳು. ಅವಳ ಕಣ್ಣು ಹೊಳೆಯಿತು.

"ಎಲ್ಲ ಮೆಕ್ಯಾನಿಕರಿಗೂ ಹೀಗೆಯೇ ಕೊಟ್ಟದ್ದಾ, ಬಿಡಿಸಿ?"

"ಮತ್ತೆ? ಗಲ್ಲಾಪೆಟ್ಟಿಗೆಯ ಚಾವಿ ಕಂಡವರ ಕೈಗೆ ಕೊಡ್ಲಿಕ್ಕೆ ನನಗೆ ಹುಚ್ಚಾ?"

"ವಾಪಸ್ ಗೊಂಚಲಿಗೆ ಹಾಕಿ. ಬನ್ನಿ, ಗಾಡಿಯಲ್ಲಿ ಕೂತ್ಕೊಳ್ಳಿ. ನೀವೇ ತಿರುಗಿಸಿ."

ಹೊರಗೆ ಬಿಸಿಲಿನಲ್ಲಿ ಫಿಯಟ್ ನಿಂತಿತ್ತು. ಧರ್ಮಪಾಲ ಗೊಂಚಲಿನ ಸಮೇತ ಚಾವಿ ತೂರಿಸಿದ, ತಿರುಗಿಸಿದ. ಮೌನ. ಕೆಂಪು ದೀಪವೂ ಇಲ್ಲ. ಅವಳು ಪಕ್ಕದ ಸೀಟಿನಿಂದ ಬಾಗಿ ಅಂಗೈಯಲ್ಲಿ ಗೊಂಚಲನ್ನು ಮೆಲ್ಲನೆ ಎತ್ತಿ ಹಿಡಿದು, "ಈಗ" ಅಂದಳು. ಗಾಡಿ ಗರ್ಜಿಸಿತು.

ವೇಟರುಗಳು ಹೊರಗೆ ಓಡಿಬಂದರು. ಪಾತ್ರೆ ತೊಳೆಯುವ ಮರಗಮ್ಮ ಒದ್ದೆ ಕೈಯಲ್ಲೇ ಬಂದಳು. ಆರಿಸಿದರು, ಗೊಂಚಲು ಜೋತುಬಿಟ್ಟರು: ಮೌನ. ಎತ್ತಿದರು: ಗರ್ಜನೆ. ಗುಂಪು ದೊಡ್ಡದಾಗುತ್ತ, "ದೋನ್! ತೀನ್!" ಎಂದು ಮರಾಠಿಯಲ್ಲಿ ಎಣಿಕೆ ಏಳುತ್ತ, ರಿಕ್ಷಾದವರೂ ಗಾಡಿ ಬದಿಗಿಟ್ಟು ಇಣುಕುತ್ತ, ಆ ಬೀದಿಯಲ್ಲಿ ಪಂದ್ಯವೊಂದರ ಉನ್ಮಾದವೇ ಹಬ್ಬಿತು. ನಳಿನಾಕ್ಷಿ ಗೊಂಚಲನ್ನು ಕಸಿದು ಒಳಗೆ ಧಾವಿಸಿ ಮಿಠಾಯಿಯ ತಕ್ಕಡಿಗೆ ಎಸೆದಳು: ನಾನೂರ ಹತ್ತು ಗ್ರಾಂ!

ಸಂಗತಿ ಇಷ್ಟೇ. ಐವತ್ತು ವರ್ಷ ತಿರುಗಿ ತಿರುಗಿ ಚಾವಿ ತೂರಿಸುವ ಸ್ವಿಚ್ಚು ಒಳಗೆ ಸವೆದಿತ್ತು. ಗೊಂಚಲಿನ ಭಾರ ಚಾವಿಯನ್ನು ಕೆಳಗೆಳೆದಾಗ ಒಳಗಿನ ತಗಡುಗಳು ತಾಗುತ್ತಿರಲಿಲ್ಲ. ಧರ್ಮಪಾಲನ ಮೊಣಕಾಲು ಅಕಸ್ಮಾತ್ ಗೊಂಚಲನ್ನು ಎತ್ತಿಹಿಡಿದ ದಿನ ತಾಗುತ್ತಿದ್ದವು. ಮೆಕ್ಯಾನಿಕರ ಕೈಗೆ ಹೋದದ್ದು ಸದಾ ಒಂಟಿ ಚಾವಿ. ಅವನ ಸಂಶಯವೇ ರೋಗವನ್ನು ಪ್ರತಿ ಗ್ಯಾರೇಜಿನ ಬಾಗಿಲಲ್ಲಿ ಅಡಗಿಸಿಟ್ಟಿತ್ತು.

"ನಿಮ್ಮ ಗಲ್ಲಾದ ಭಾರ ಗಾಡಿಗೂ ತಡಿಲಿಕ್ಕಾಗವಲ್ದ್ರೀ ಸೇಠ," ಎಂದಳು ಮರಗಮ್ಮ. "ನಮಗ ಹೆಂಗ ಆದೀತು?"

ಬೀದಿ ನಕ್ಕಿತು, ಧರ್ಮಪಾಲನೂ ನಕ್ಕ, ಐನೂರರ ನಾಲ್ಕು ನೋಟು ತೆಗೆದ. "ತಕೊಳ್ಳಿ ಅಕ್ಕ. ಸ್ವಿಚ್ ಬದಲಾಯಿಸಿಬಿಡಿ."

"ಬದಲಾಯಿಸಲಿಕ್ಕೆ ಹತ್ತು ನಿಮಿಷ ಸಾಕು. ನಾನು ಮುಟ್ಟುವುದಿಲ್ಲ," ಎಂದಳು ನಳಿನಾಕ್ಷಿ. "ಪ್ರೇಮನಾಥನ ಶೆಡ್ಡಿಗೆ ಹೋಗಿ, ಅವನ ಕೂಲಿ ಕೊಡಿ, ಅವನ ಕೈಯಲ್ಲೇ ಮಾಡಿಸಿ. ಮತ್ತೆ ಸಂಘದ ಸಭೆಯಲ್ಲಿ ಎದ್ದು ನಿಂತು, ಅವ ಕಳ್ಳ ಅಲ್ಲ ಅಂತ ಹೇಳಿ. ಅಂದಿನಷ್ಟೇ ಗಟ್ಟಿ ಸ್ವರದಲ್ಲಿ."

"ನೋಡುವ ಅಕ್ಕ, ನೋಡುವ."

ನೋಡುವ ಎಂದು ಏಳು ತಿಂಗಳಾಯಿತು. ಕಾರಿನ ಚಾವಿಗೆ ಈಗ ಪ್ರತ್ಯೇಕ ರಿಂಗು. ಗಾಡಿ ದಿನವೂ ಹೊರಡುತ್ತದೆ, ಆದ್ದರಿಂದ ಧರ್ಮಪಾಲನಿಗೆ ಅವಸರವಿಲ್ಲ. ನಳಿನಾಕ್ಷಿ ಮಾತ್ರ ಪ್ರತಿ ಸೋಮವಾರ ಮೂರಕ್ಕೆ ಹೋಗಿ, ಚಹಾ ಮುಟ್ಟದೆ, ಕೇಳಿ ಬರುತ್ತಾಳೆ.

ಇಂಥವರನ್ನು ಜನ ಜಗಳಗಂಟಿಯರು ಎನ್ನುತ್ತಾರೆ. ಗಾಡಿ ಹೊರಟರೆ ಸಾಕು ಎನ್ನುವವರೇ ತುಂಬಿದ ಲೋಕದಲ್ಲಿ, ಅದು ನಿಂತ ದಿನ ಯಾರ ತಲೆಗೆ ಅಪವಾದ ಕಟ್ಟಿದಿರಿ ಎಂದು ನೆನಪಿಟ್ಟು ಕೇಳುವವರು ಇವರು. ಯಂತ್ರವನ್ನೂ ಮನುಷ್ಯರನ್ನೂ ಇವರು ಒಂದೇ ರೀತಿ ಪರೀಕ್ಷಿಸುತ್ತಾರೆ: ಭಾರ ಎಲ್ಲಿ ಜೋತುಬಿದ್ದಿದೆ ಎಂದು ಹುಡುಕುತ್ತಾರೆ, ಹುಡುಕಿ ಬೀದಿಯಲ್ಲಿ ತೂಗುತ್ತಾರೆ. ಆದರೆ ಒಬ್ಬಳು ವಾರಕ್ಕೊಮ್ಮೆ ಕೇಳಿದರೆ 'ನೋಡುವ' ಎನ್ನಬಹುದು. ನೂರು ಜನ ಕೇಳಿದರೆ ಆಗದು. ಡೊಂಬಿವಲಿಯಲ್ಲಿ ಕೆನೆಬಣ್ಣದ ಫಿಯಟ್ ನಿಂತ ಹೋಟೆಲು ಕಂಡರೆ ಒಳಗೆ ಹೋಗಿ. ಚಹಾ ಕುಡಿಯಿರಿ. ಬಿಲ್ಲು ಕೊಡುವ ಮೊದಲು, ಗಲ್ಲಾಪೆಟ್ಟಿಗೆಯ ಹಿಂದೆ ಕೂತವನ ಮುಖ ನೋಡಿ ಗಟ್ಟಿಯಾಗಿ ಕೇಳಿ: ಪ್ರೇಮನಾಥನ ಕೂಲಿ ಯಾವಾಗ?