‘ಯಾರು’ ಅಂದ್ರೆ ಲೋಟ ತೊಳೀಬೇಕು

ನಾನು ನಿಂತ ಕಡೆ ನೆಲ ಒಂದು ಬೆರಳು ಕೆಳಗೆ ಇಳಿಯುತ್ತೆ ಅಂತ ನನ್ನ ಹೆಂಡ್ತಿ ಹೇಳ್ಕೊಂಡು ತಿರುಗ್ತಾಳೆ. ಅವಳಿಗೆ ಯಾವುದನ್ನೂ ಉಬ್ಬಿಸಿ ಹೇಳೋ ಚಾಳಿ. ಅರ್ಧ ಬೆರಳು ಇಳಿಯುತ್ತೆ, ಅಷ್ಟೇ. ಆದ್ರೆ ನನಗೆ ಕೆಲಸ ಸಿಕ್ಕಿದ್ದೇ ಈ ಮೈಯಿಂದ. ನಮ್ಮದು ತೂಕದ ಮಿಷಿನ್ ಮಾಡೋ ಕಾರ್ಖಾನೆ. ಮಿಷಿನ್ ತಯಾರಾದ ಮೇಲೆ ಹಲಗೆಯ ನಟ್ಟ ನಡುವೆ ಕಬ್ಬಿಣದ ಗುಂಡು ಇಟ್ಟು ಸರಿ ಮಾಡ್ತಾರೆ. ಆಮೇಲೆ ಕಳಿಸೋ ದಿನ ಒಬ್ಬ ಜೀವಂತ ಮನುಷ್ಯ ಹತ್ತಿ ನಿಂತು ನೋಡ್ಬೇಕು. ಆ ಮನುಷ್ಯ ನಾನೇ. ಹತ್ತೋದು, ಇಳಿಯೋದು, ಡಬ್ಬಕ್ಕೆ ತುಂಬೋದು. ಅಲ್ಲಿ ಎಲ್ರೂ ನನ್ನನ್ನ ಬಂಡೆ ಅಂತಾರೆ.

ನಮ್ಮ ಮಿಷಿನ್ ಬಗ್ಗೆ ಹೇಳಿದ್ರೆ ನೀವು ನಂಬಲ್ಲ. ಅದರ ಮೇಲೆ ನೊಣ ಕೂತ್ರೆ, ನೊಣ ಊಟ ಮಾಡಿ ಬಂದಿದ್ಯೋ ಉಪವಾಸ ಬಂದಿದ್ಯೋ ಅಂತ ಗೊತ್ತಾಗುತ್ತೆ. ಒಂದ್ಸಲ ನಾನು ಈ ಕೋಣೇಲಿ ಸೀನಿದೆ, ಆಚೆ ಕೋಣೇಲಿದ್ದ ಮಿಷಿನ್ ಕಾಲು ಕಿಲೋ ತೋರಿಸಿ ಸುಮ್ಮನಾಯ್ತು. ಇನ್ನೊಂದ್ಸಲ ಹೆಂಡ್ತಿ ಹತ್ರ ಬೈಸಿಕೊಂಡು ಬಂದು ಹತ್ತಿ ನಿಂತೆ, ಏಳು ಕಿಲೋ ಕಮ್ಮಿ!

ಇರ್ಲಿ. ನಾನು ಹೇಳೋಕೆ ಹೊರಟಿದ್ದು ನನ್ನ ನಾದಿನಿ ಮಗಳ ಕತೆ.

ಈ ಹುಡುಗಿ ಕಾಲೇಜಲ್ಲಿ ಮಿಷಿನ್ ಓದು ಓದ್ತಿದ್ಲು. ಕೊನೇ ವರ್ಷ ಎಲ್ಲಾದ್ರೂ ಒಂದು ಕಡೆ ಹೋಗಿ ಕೆಲಸ ಕಲೀಬೇಕಂತೆ, ಅದಕ್ಕೆ ಇಂಟರ್ನ್‌ಶಿಪ್ ಅಂತಾರೆ. ಮೊದಲು ಒಂದು ಫ್ಯಾನ್ ಫ್ಯಾಕ್ಟರಿಗೆ ಹೋಗಿದ್ಲು. ಅಲ್ಲಿ ಒಂದು ರಾಶಿ ರೆಕ್ಕೆಗೆ ತೂತು ಬೀಳಬೇಕಾದ ಕಡೆ ಬಿಟ್ಟು ಪಕ್ಕದಲ್ಲಿ ಬಿತ್ತು. ಮೇಸ್ತ್ರಿ ಬಂದು “ಯಾರು ಮಾಡಿದ್ದು?” ಅಂತ ಗರ್ಜಿಸಿದ. ಇವಳು ಪಾಪ, ಕೈ ಎತ್ತಿದ್ಲು. ಎತ್ತಿದ ಕೈ ಇಳಿಸೋ ಹೊತ್ತಿಗೆ ಅವಳ ಬ್ಯಾಗು ಗೇಟಿನ ಹೊರಗಿತ್ತು. ಕಾಲೇಜಿನ ಪ್ರೊಫೆಸರ್ ಖಡಾಖಂಡಿತ ಹೇಳಿಬಿಟ್ರು: “ಇನ್ನೊಂದು ಕಡೆ ಹೀಗಾದ್ರೆ ಈ ವರ್ಷ ಮರೆತುಬಿಡು. ನಾನೇ ಬಂದು ನೋಡ್ತೀನಿ.”

ನಾನು ನಮ್ಮ ಯಜಮಾನಿ ದೊಡ್ಡಕ್ಕನ ಹತ್ರ ಬೇಡಿಕೊಂಡೆ. ದೊಡ್ಡಕ್ಕ, “ಬಂಡೆ, ನಿನ್ನ ಹಾಗೆ ಬರೀ ನಿಂತ್ಕೊಳ್ಳೋಳೋ, ಕೆಲಸಾನೂ ಮಾಡ್ತಾಳೋ?” ಅಂದ್ಲು.

“ಕೆಲಸ ಮಾಡ್ತಾಳೆ ದೊಡ್ಡಕ್ಕ, ಅವಳು ನಮ್ಮ ಕಡೆ ಅಲ್ಲ, ಹೆಂಡ್ತಿ ಕಡೆ.”

ಆಯ್ತು, ಬರೋಕೆ ಹೇಳು ಅಂದ್ಲು. ಮನೇಲಿ ಹೆಂಡ್ತಿ ನನ್ನ ಮುಖಕ್ಕೇ ಸೌಟು ತೋರಿಸಿ ಹೇಳಿದ್ಲು: “ನನ್ನ ತಂಗಿ ಮಗಳು ಅಲ್ಲಿಂದ ಅಳ್ತಾ ಬಂದ್ರೆ, ನೀವು ಆ ಮಿಷಿನ್ ಮೇಲೇ ಮಲಗಿ, ಮನೆಗೆ ಬರ್ಬೇಡಿ.”

ಹುಡುಗಿ ಬಂದ ಮೊದಲ ದಿನವೇ ತಮಾಷೆ ಆಯ್ತು. ದೊಡ್ಡಕ್ಕ ಮೇಜಿನ ಮೇಲೆಲ್ಲಾ ತಡಕಾಡ್ತಾ, “ನನ್ನ ಕನ್ನಡಕ ಯಾರು ತಗೊಂಡ್ರು?” ಅಂತ ಕೂಗಿದ್ಲು. ಕಾರ್ಖಾನೆ ಪೂರ್ತಿ ನಿಂತುಹೋಯ್ತು. ಡ್ರಿಲ್ಲು ನಿಂತಿತು, ಸುತ್ತಿಗೆ ನಿಂತಿತು. ಹ್ಞೂಂ ಮೇಷ್ಟ್ರು ಎದ್ದು ಹೋಗಿ, ಎಲ್ಲರ ಚಹಾ ಲೋಟ ತುಂಬಿದ್ದ ತಟ್ಟೆ ತಂದು ದೊಡ್ಡಕ್ಕನ ಮುಂದೆ ಇಟ್ರು. ಈ ಹ್ಞೂಂ ಮೇಷ್ಟ್ರು ನಮ್ಮ ಹಿರಿಯ ಫಿಟ್ಟರು. ಅವರ ಬಾಯಿಂದ ‘ಹ್ಞೂಂ’ ಬಿಟ್ಟು ಬೇರೆ ಮಾತು ಬಂದಿದ್ದನ್ನ ಕೇಳಿದೋರು ಅಲ್ಲಿ ಒಬ್ಬರೂ ಇಲ್ಲ. ದೊಡ್ಡಕ್ಕ ಹಣೆ ಚಚ್ಚಿಕೊಂಡ್ಲು. ಚಚ್ಚಿದಾಗ ತಲೆ ಮೇಲಿದ್ದ ಕನ್ನಡಕ ಜಾರಿ ಮೂಗಿಗೆ ಬಂತು. ತಟ್ಟೆ ಎತ್ಕೊಂಡು ನಲ್ಲಿ ಕಡೆ ಹೋದ್ಲು.

ಹುಡುಗಿ ಕಣ್ಣು ಕನ್ನಡಕಕ್ಕಿಂತ ದೊಡ್ಡದಾಯ್ತು. “ದೊಡ್ಡಪ್ಪಾ, ಯಜಮಾನಿ ಲೋಟ ತೊಳೀತಿದ್ದಾರೆ!”

“ತೊಳೀಲೇಬೇಕು. ಇಲ್ಲಿ ‘ಯಾರು’ ಅನ್ನೋ ಮಾತು ಬಾಯಿಗೆ ಬಂದ್ರೆ ಆ ಹೊತ್ತಿನ ಲೋಟ ಎಲ್ಲಾ ಅವರದೇ. ‘ಹೇಗೆ’ ಅನ್ನು, ‘ಎಲ್ಲಿ’ ಅನ್ನು, ‘ಯಾಕೆ’ ಅನ್ನು, ಎಷ್ಟು ಬೇಕಾದ್ರೂ ಅನ್ನು.”

“ಅದ್ಯಾಕೆ ಹಾಗೆ?”

ಕೇಳಿದ್ಲಲ್ಲ! ನನಗೆ ಅಷ್ಟೇ ಸಾಕು. ಹಿಂದೆ ಒಂದ್ಸಲ ಲಾರಿ ತುಂಬ ಹೋದ ಮಿಷಿನ್ನೆಲ್ಲಾ ಕೆಟ್ಟು ವಾಪಸ್ ಬಂತು. ‘ಯಾರು, ಯಾರು’ ಅಂತ ಶುರುವಾಯ್ತು. ಇವನು ಅವನ ಕಡೆ ಬೆರಳು, ಅವನು ಇನ್ನೊಬ್ಬನ ಕಡೆ ಬೆರಳು. ಬೆರಳು ತೋರಿಸಿ ತೋರಿಸಿ ಒಬ್ಬನಿಗೆ ಬೆರಳು ಹಾಗೇ ನೆಟ್ಟಗೆ ನಿಂತುಹೋಗಿ, ಊಟ ಮಾಡೋಕೂ ಆಗದೆ ಹೆಂಡ್ತಿ ತುತ್ತು ಇಡ್ತಿದ್ಲು. ಒಬ್ಬರಿಗೊಬ್ಬರು ಮಾತು ನಿಂತುಹೋಯ್ತು, ಇಬ್ಬರು ಕೆಲಸ ಬಿಟ್ರು. ಕೊನೆಗೆ ನೋಡಿದ್ರೆ, ವೈರ್ ಸುರುಳಿ ಇಡೋ ಕಪಾಟಿನ ಹಿಂದೆ ಒಂದು ಇಲಿ ಹೊಟ್ಟೆ ತುಂಬ ವೈರ್ ತಿಂದು, ನನ್ನಷ್ಟೇ ದಪ್ಪ ಆಗಿ, ಕಾಲು ಚಾಚಿ ಮಲಗಿತ್ತು! ಅವತ್ತು ದೊಡ್ಡಕ್ಕ ಹೇಳಿದ್ಲು: “‘ಯಾರು’ ಅಂತ ಕೇಳಿದ್ರೆ ನಮಗೆ ಬೆರಳು ಸಿಗುತ್ತೆ. ‘ಹೇಗೆ’ ಅಂತ ಕೇಳಿದ್ದಿದ್ರೆ ಇಲಿ ಸಿಗ್ತಿತ್ತು.”

ಅವತ್ತಿಂದ ಗೋಡೆಗೆ ಒಂದು ಸೈಕಲ್ ಗಂಟೆ ಜಡಿದಿದ್ದೀವಿ. ತಪ್ಪು ಮಾಡಿದೋರು ತಾವೇ ಹೋಗಿ ಟ್ರಿಣ್ ಅನ್ನಿಸ್ಬೇಕು. ಆಗ ಎಲ್ರೂ ಕೆಲಸ ಬಿಟ್ಟು ತಮ್ಮ ತಮ್ಮ ಸ್ಟೂಲ್ ಎಳ್ಕೊಂಡು ಬರ್ತಾರೆ. ಗಂಟೆ ಹೊಡೆದೋರಿಗೆ ದಿಂಬು ಇರೋ ಕುರ್ಚಿ, ಮೊದಲ ಚಹಾ. ಅವರು ಹೇಳ್ಬೇಕು, ನಾವು ಕೇಳ್ಬೇಕು.

“ಇದೆಲ್ಲಾ ಸಣ್ಣಪುಟ್ಟ ತಪ್ಪಿಗೆ ಇರ್ಬೇಕು ದೊಡ್ಡಪ್ಪ,” ಅಂದ್ಲು ಹುಡುಗಿ. “ದೊಡ್ಡ ತಪ್ಪಾದ್ರೆ ಬ್ಯಾಗು ಗೇಟಿನ ಹೊರಗೇ.” ಆ ಗಂಟೇನ ಅವಳು ಹಾವನ್ನ ನೋಡಿದ ಹಾಗೆ ನೋಡಿದ್ಲು. ಆದ್ರೂ ದಿನಾ ಒಂದ್ಸಲ ಅದರ ಮುಂದೆ ಹಾದು ಹೋಗ್ತಿದ್ಲು. ಹತ್ತಿರ ಹೋಗೋದು, ಮುಟ್ಟದೆ ಬರೋದು.

ಅವಳನ್ನ ಹ್ಞೂಂ ಮೇಷ್ಟ್ರ ಪಕ್ಕ ಕೂರಿಸಿದ್ರು. ಕೆಲಸ ಏನಪ್ಪಾ ಅಂದ್ರೆ, ಚೌಕಟ್ಟಿನ ಮೇಲೆ ಉಕ್ಕಿನ ಹಲಗೆ ಕೂರಿಸಿ ನಾಲ್ಕು ಮೂಲೆಗೂ ಸ್ಕ್ರೂ ಹಾಕೋದು. ನಮ್ಮ ಹುಡುಗಿ ಬೇಗ ಹಿಡ್ಕೊಂಡ್ಲು. ಪ್ರಶ್ನೆ ಮೇಲೆ ಪ್ರಶ್ನೆ, ಮೇಷ್ಟ್ರು ಎಲ್ಲದಕ್ಕೂ ‘ಹ್ಞೂಂ’. ಆ ಹ್ಞೂಂಗಳಲ್ಲಿ ಯಾವುದು ಹೌದು, ಯಾವುದು ಅಲ್ಲ, ಯಾವುದು ಇನ್ನೊಂದ್ಸಲ ನೋಡು ಅಂತ ಅವಳಿಗೆ ಬೇಗನೆ ಗೊತ್ತಾಗೋಕೆ ಶುರುವಾಯ್ತು. ನನಗೆ ಇವತ್ತಿಗೂ ಗೊತ್ತಾಗಲ್ಲ. ಮನೇಲಿ ಹೆಂಡ್ತಿ ಮುಖ ಅರಳಿತು, ನನ್ನ ತಟ್ಟೆಗೆ ಎರಡನೇ ಸಲ ಬಡಿಸೋಕೆ ಶುರುಮಾಡಿದ್ಲು. ತೂಕ ಇನ್ನೂ ಏರಿತು, ಕಾರ್ಖಾನೆಗೆ ಲಾಭ.

ಅವಳ ಕೊನೇ ವಾರ. ಆಸ್ಪತ್ರೆಗಳಿಗೆ ಹೋಗೋ ಮಿಷಿನ್ನುಗಳು ತಯಾರಾಗಿ ಸಾಲಾಗಿ ನಿಂತಿದ್ವು. ರೋಗಿ ತೂಕ ನೋಡಿ ಔಷಧಿ ಎಷ್ಟು ಅಂತ ತೀರ್ಮಾನ ಮಾಡ್ತಾರಲ್ಲ, ಅಂಥವು. ಹೊರಗೆ ಲಾರಿ ಬಂದು ನಿಂತಿತ್ತು. ಪ್ರೊಫೆಸರ್ ಬರೋ ದಿನವೂ ಅದೇ. ನಾನು ಒಗೆದ ಅಂಗಿ ಹಾಕ್ಕೊಂಡು, ಗತ್ತಲ್ಲಿ ಮೊದಲ ಮಿಷಿನ್ ಹತ್ತಿದೆ. ಬಾಗಿಲ ಕಡೆ ಮುಖ ಮಾಡಿ ನಿಂತೆ.

“ಬಂಡೆ, ತೆಳ್ಳಗಾಗಿದ್ದೀಯಲ್ಲೋ!” ಅಂದ್ಲು ದೊಡ್ಡಕ್ಕ.

ನನಗೆ ಖುಷಿ ತಡೀಲಿಲ್ಲ, ಮೇಷ್ಟ್ರಿಗೆ ತೋರಿಸೋಣ ಅಂತ ಗೋಡೆ ಕಡೆ ತಿರುಗಿದೆ. ಮಿಷಿನ್ ಮೂರು ಕಿಲೋ ಜಾಸ್ತಿ ತೋರಿಸ್ತು. ಮತ್ತೆ ಬಾಗಿಲ ಕಡೆ ತಿರುಗಿದೆ, ಕಮ್ಮಿ. ಗೋಡೆ ಕಡೆ, ಜಾಸ್ತಿ.

ಎಲ್ರೂ ಓಡಿ ಬಂದ್ರು. ಒಬ್ಬೊಬ್ಬರದು ಒಂದೊಂದು ವಾದ. ಬಾಗಿಲಿಂದ ಗಾಳಿ ಬಂದು ನನ್ನನ್ನ ಎತ್ತುತ್ತೆ ಅಂದ ಒಬ್ಬ. “ಇವನನ್ನ ಎತ್ತೋ ಗಾಳಿ ಬಂದ್ರೆ ಊರಲ್ಲಿ ಮನೆ ಉಳಿಯುತ್ತೇನೋ?” ಅಂತ ಇನ್ನೊಬ್ಬ. ಮನೆಗೆ ಹೋಗೋ ದಾರಿ ಕಂಡ್ರೆ ಮನಸ್ಸು ಹಗುರ ಆಗುತ್ತೆ ಅಂತ ನಾನಂದೆ. “ನಿನ್ನ ಹೆಂಡ್ತೀನ ನಾವು ನೋಡಿದ್ದೀವಿ, ಹಗುರ ಆಗೋಕೆ ಸಾಧ್ಯವೇ ಇಲ್ಲ” ಅಂತ ವೈರಿನ ಕೆಲಸದವಳು ಅಂದ್ಲು. ದೊಡ್ಡಕ್ಕ ಮಂಡಿಯೂರಿ ಕೂತು, “ಹೊಟ್ಟೆ ಒಳಗೆಳಿ… ಈಗ ಬಿಡು… ಮತ್ತೆ ಎಳಿ” ಅಂತ ನನ್ನ ಹೊಟ್ಟೆಗೆ ಕವಾಯತು ಮಾಡಿಸ್ತಾ ಇದ್ಲು. ಹೊಟ್ಟೆ ಬಾಗಿಲ ಕಡೆ ಹೋದಷ್ಟೂ ತೂಕ ಕಮ್ಮಿ. ಇಂಥ ವಿಚಿತ್ರ ಹುಟ್ಟಿದಾಗಿಂದ ನೋಡಿರ್ಲಿಲ್ಲ.

ಅದೇ ಹೊತ್ತಿಗೆ ಪ್ರೊಫೆಸರ್ ಬಂದು ಬಾಗಿಲಲ್ಲಿ ನಿಂತ್ರು. ಇಸ್ತ್ರಿ ಹಾಕಿದ ಅಂಗಿ, ಇಸ್ತ್ರಿ ಹಾಕಿದ ಹಾಗೇ ಇದ್ದ ಮುಖ.

ನಾನು ಮೇಲೆ ನಿಂತಿದ್ದೆನಲ್ಲ, ನನಗೆ ಎಲ್ರ ತಲೆ ಮೇಲಿಂದ ಹುಡುಗಿ ಕಂಡ್ಲು. ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಜೇಬಿಗೆ ಕೈ ಹಾಕಿ ಏನೋ ತೆಗೆದು ನೋಡಿದ್ಲು. ಪೆನ್ಸಿಲ್ ಅಳಿಸೋ ರಬ್ಬರು, ಕತ್ತರಿಸಿ ಕತ್ತರಿಸಿ ಉಗುರಿನಷ್ಟು ಉಳಿದಿತ್ತು. ನಾನು ಇಳಿದು ಹತ್ರ ಹೋದೆ.

“ಏನಮ್ಮಾ?”

“ದೊಡ್ಡಪ್ಪ, ನಾನೇ,” ಅಂದ್ಲು, ತುಟಿ ಅಲ್ಲಾಡದ ಹಾಗೆ. “ಸ್ಕ್ರೂ ಹಾಕುವಾಗ ಹಲಗೆ ಜಾರ್ತಿತ್ತು. ಮೂಲೇಲಿ ರಬ್ಬರ್ ಚೂರು ಸಿಕ್ಕಿಸ್ಕೊಂಡು ಹಾಕ್ತಿದ್ದೆ, ಆಮೇಲೆ ತೆಗೀತಿದ್ದೆ. ಕೆಲವದರಲ್ಲಿ ತೆಗೀಲೇ ಇಲ್ಲ ಅನ್ಸುತ್ತೆ. ನಡುವೆ ಗುಂಡು ಇಟ್ಟಾಗ ಗೊತ್ತಾಗಲ್ಲ, ನೀವು ಆ ಮೂಲೆಗೆ ಭಾರ ಹಾಕಿದ್ರೆ ಅರ್ಧ ಭಾರ ರಬ್ಬರೇ ಹೊರುತ್ತೆ.”

ನಾನು ಪ್ರೊಫೆಸರ್ ಕಡೆ ನೋಡಿದೆ. ಅವಳ ವರ್ಷ ನೆನಪಾಯ್ತು, ಹೆಂಡ್ತಿ ಸೌಟು ನೆನಪಾಯ್ತು. “ನೀನು ಸುಮ್ನಿರು,” ಅಂದೆ. “ಗಂಟೆ ನಾನು ಹೊಡೀತೀನಿ. ಇಲಿ ಅಂತೀನಿ. ಆ ಹಳೇ ಇಲಿಗೆ ಒಬ್ಬ ಮೊಮ್ಮಗ ಇದ್ದಾನೆ, ಅವನಿಗೆ ರಬ್ಬರ್ ಅಂದ್ರೆ ಪ್ರಾಣ ಅಂತೀನಿ. ನಾನು ಹೇಳಿದ್ರೆ ನಂಬ್ತಾರೆ.”

ಅಂಥ ಹೊತ್ತಲ್ಲೂ ಅವಳ ಬಾಯಲ್ಲಿ ನಗು ಬಂತು. ಆಮೇಲೆ ನಿಂತ ಮಿಷಿನ್ನುಗಳ ಸಾಲು ನೋಡಿದ್ಲು. “ಇಲಿ ಅಂದ್ರೆ, ಯಾವ ಮೂಲೇಲಿ ಹುಡುಕಬೇಕು ಅಂತ ಇವರಿಗೆ ಹೇಗೆ ಗೊತ್ತಾಗುತ್ತೆ ದೊಡ್ಡಪ್ಪ? ಅಲ್ಲಿ ಔಷಧಿ ಕೊಡ್ತಾರಲ್ಲ.”

ಹಾಗಂದೋಳೇ ನಡೆದು ಹೋದ್ಲು. ಈ ಸಲ ಗಂಟೆ ಮುಂದೆ ನಿಂತ್ಲು. ಟ್ರಿಣ್!

ಸ್ಟೂಲುಗಳು ಕರಕರ ಅಂತ ಬಂದ್ವು. ಲಾರಿ ಡ್ರೈವರ್ ಕೂಡ ಒಂದು ಡಬ್ಬ ಬೋರಲು ಹಾಕ್ಕೊಂಡು ಕೂತ. ಹುಡುಗಿ ದಿಂಬಿನ ಕುರ್ಚೀಲಿ ತುದಿಗೆ ಕೂತು, ಚಹಾ ಲೋಟ ಹಿಡ್ಕೊಂಡು, ಎಲ್ಲಾ ಹೇಳಿದ್ಲು. ಒಂದು ಮಾತೂ ನುಂಗಲಿಲ್ಲ.

ಹೇಳಿ ಮುಗಿಸಿದ್ದೇ ತಡ, ಹಿಂದಿನಿಂದ ಪ್ರೊಫೆಸರ್ ಗುಡುಗಿದ್ರು: “ಮತ್ತೆ ಅದೇ! ಯಾರ್ರೀ ಇವಳ ಕೈಗೆ ಸ್ಕ್ರೂ ಕೊಟ್ಟಿದ್ದು?”

ಸೂಜಿ ಬಿದ್ರೆ ಕೇಳ್ಬೇಕು. ನಮ್ಮ ಮಿಷಿನ್ ಮೇಲೆ ಬಿದ್ರೆ ತೂಕಾನೂ ತೋರಿಸ್ಬೇಕು, ಅಂಥ ಮೌನ. ಹ್ಞೂಂ ಮೇಷ್ಟ್ರು ಎದ್ರು. ತಟ್ಟೆ ತಂದು ಪ್ರೊಫೆಸರ್ ಕೈಗೆ ಇಟ್ರು. ಆಮೇಲೆ ಬಾಯಿ ತೆಗೆದ್ರು.

“ಲೋಟ,” ಅಂದ್ರು.

ಮೇಷ್ಟ್ರು ಮಾತಾಡಿದ್ರು ಅಂತ ವೈರಿನ ಕೆಲಸದವಳು ಅಳೋಕೇ ಶುರುಮಾಡಿದ್ಲು. ಪ್ರೊಫೆಸರ್ ದೊಡ್ಡಕ್ಕನ ಕಡೆ ನೋಡಿದ್ರು. ದೊಡ್ಡಕ್ಕ ಬಹಳ ಮರ್ಯಾದೆಯಿಂದ, “ಇಲ್ಲಿ ‘ಯಾರು’ ಅಂದೋರೇ ಲೋಟ ತೊಳೀಬೇಕು ಸಾರ್, ನಲ್ಲಿ ಆ ಕಡೆ. ಈ ತಿಂಗಳು ನಾನೇ ಎಷ್ಟೋ ಸಲ ತೊಳೆದಿದ್ದೀನಿ. ತಳದಲ್ಲಿ ಸಕ್ಕರೆ ಅಂಟಿರುತ್ತೆ, ಚೆನ್ನಾಗಿ ಉಜ್ಜಿ” ಅಂದ್ಲು. ಅವರು ಏನು ಅನ್ಕೊಂಡ್ರೋ, ಅಂಗಿ ತೋಳು ಮಡಚಿಕೊಂಡು ಹೋದ್ರು.

ನಾವು ಹೇಗೆ ಅಂತ ಕೇಳೋಕೆ ಕೂತ್ವಿ. ಹಲಗೆ ಹೇಗೆ ಜಾರುತ್ತೆ? ಮೇಷ್ಟ್ರಿಗೆ ಯಾಕೆ ಜಾರಲ್ಲ? ಮೇಷ್ಟ್ರು ಮಾಡಿ ತೋರಿಸಿದ್ರು: ಅವರು ಮೊಣಕಾಲು ಕೊಟ್ಟು ಒತ್ತಿ ಹಿಡೀತಾರೆ, ಅವರಿಗೇ ಅದು ಗೊತ್ತಿರಲಿಲ್ಲ! ಹುಡುಗಿ ಮೊಣಕಾಲು ಅಷ್ಟೆತ್ತರ ಬರಲ್ಲ. “ಅಂದ್ರೆ ಏನೋ ಒಂದು ಸಿಕ್ಕಿಸ್ಲೇಬೇಕು,” ಅಂದ್ಲು ದೊಡ್ಡಕ್ಕ. “ಸಿಕ್ಕಿಸಿದ್ದು ಮರೀದ ಹಾಗೆ ಹೇಗೆ ಮಾಡೋದು?” ಹುಡುಗಿ ಸ್ವಲ್ಪ ಯೋಚನೆ ಮಾಡಿ ತಲೆಗೆ ಕಟ್ಟಿದ್ದ ಕೆಂಪು ಟೇಪು ಬಿಚ್ಚಿದ್ಲು. ಮರದ ಚೂರಿಗೆ ಅದನ್ನ ಕಟ್ಟಿ ಸಿಕ್ಕಿಸಿದ್ರೆ, ಟೇಪು ಹೊರಗೆ ನಾಲಿಗೆ ಹಾಗೆ ನೇತಾಡುತ್ತೆ. ಕುರುಡನಿಗೂ ಕಾಣುತ್ತೆ. ಮೇಷ್ಟ್ರು “ಹ್ಞೂಂ” ಅಂದ್ರು. ಅದು ಹೌದು ಅನ್ನೋ ಹ್ಞೂಂ, ನನಗೂ ಗೊತ್ತಾಯ್ತು.

ಮಿಷಿನ್ನೆಲ್ಲಾ ಬಿಚ್ಚಿದ್ವಿ. ಅವಳು ಹೇಳಿದ ಮೂಲೇಲೇ ರಬ್ಬರು ಸಿಕ್ತು. ನಾನು ಮತ್ತೆ ಒಂದೊಂದಾಗಿ ಹತ್ತಿ, ನಾಲ್ಕು ದಿಕ್ಕಿಗೂ ತಿರುಗಿ ನಿಂತೆ. ತೆಳ್ಳಗಾಗಿದ್ದ ಸಂತೋಷ ಮಾತ್ರ ಅಲ್ಲಿಗೇ ಹೋಯ್ತು.

ಅಷ್ಟರಲ್ಲಿ ಪ್ರೊಫೆಸರ್ ತೊಳೆದ ಲೋಟ ತಂದಿಟ್ರು. ಇಸ್ತ್ರಿ ಅಂಗಿ ಮುಂದೆಲ್ಲಾ ಒದ್ದೆ. ಹುಡುಗಿ ಎದ್ದು ನಿಂತ್ಲು, ಅವಳ ಕಣ್ಣು ತನ್ನ ಬ್ಯಾಗ್ ಕಡೆ ಹೋಯ್ತು. ಅವರು ಬಾಯಿ ತೆಗೆದ್ರು, “ಯಾ…” ಅಂದ್ರು, ತಡೆದ್ರು. ತಟ್ಟೆ ಕಡೆ ನೋಡಿದ್ರು.

“ಆ ಫ್ಯಾನಿನ ರೆಕ್ಕೆಗೆ ತೂತು ಹೇಗೆ ತಪ್ಪಿತು?” ಅಂತ ಕೇಳಿದ್ರು.

“ಡ್ರಿಲ್ಲಲ್ಲಿ ರೆಕ್ಕೆ ಕಚ್ಚಿ ಹಿಡಿಯೋ ಹಿಡಿಕೆ ಸಡಿಲ ಇತ್ತು ಸಾರ್. ಬೆಳಗ್ಗೆಯೇ ಹೇಳಿದ್ದೆ, ಮೇಸ್ತ್ರಿ ಆಮೇಲೆ ನೋಡೋಣ ಅಂದ್ರು.”

“ನನಗೆ ಇದನ್ನ ಯಾಕೆ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ಲ ಸಾರ್.”

ಪ್ರೊಫೆಸರ್ ಗೋಡೆ ಮೇಲಿನ ಗಂಟೆ ನೋಡಿದ್ರು. ಆಮೇಲೆ ದೊಡ್ಡಕ್ಕನ ಹತ್ರ, “ಹೊರಗಿನೋರೂ ಹೊಡೀಬಹುದಾ?” ಅಂದ್ರು. ಉತ್ತರಕ್ಕೆ ಕಾಯದೆ ಗೋಡೆ ಹತ್ರ ಹೋಗಿ ಟ್ರಿಣ್ ಅನ್ನಿಸಿದ್ರು.

ಹುಡುಗಿಯೇ ಎದ್ದು ಅವರಿಗೆ ದಿಂಬಿನ ಕುರ್ಚಿ ಸರಿಸಿ ಕೊಟ್ಟು, ತಾನೊಂದು ಸ್ಟೂಲ್ ಎಳ್ಕೊಂಡ್ಲು. ಅವಳ ವರ್ಷ ಉಳೀತು, ನನ್ನ ಮನೆ ಊಟವೂ ಉಳೀತು. ಮುಂದಿನ ವರ್ಷ ಇನ್ನಿಬ್ಬರನ್ನ ಕಳಿಸ್ತೀನಿ ಅಂತ ಪ್ರೊಫೆಸರ್ ಹೋಗುವಾಗ ಹೇಳಿದ್ರು.

ಆದ್ರೆ ಅದಕ್ಕೂ ಮೊದಲು ಎಲ್ರಿಗೂ ಮತ್ತೊಂದು ಸುತ್ತು ಚಹಾ ಆಯ್ತು, ಆಗ ತಾನೇ ತೊಳೆದ ಲೋಟ ಎಲ್ಲಾ ಮತ್ತೆ ಎಂಜಲಾಯ್ತು, ಅಷ್ಟರಲ್ಲಿ ಒಬ್ಬ ಬಾಯಿತಪ್ಪಿ ಆ ಮಾತು ಅಂದೂಬಿಟ್ಟ. ಅವನ್ನ ತೊಳೆದೋರು ಯಾರು ಅಂತ ಮಾತ್ರ ನನ್ನ ಬಾಯಿ ಬಿಡಿಸ್ಬೇಡಿ. ಹೇಗೆ ತೊಳೆದ್ರು ಅಂತ ಕೇಳಿ, ಹೇಳ್ತೀನಿ: ಹೊಟ್ಟೆ ನಲ್ಲಿಗೆ ಅಡ್ಡ ಬರ್ತಿತ್ತು, ಅದಕ್ಕೆ ಪಕ್ಕಕ್ಕೆ ವಾಲಿ ನಿಂತು ತೊಳೆದ.