ಕೈ ಸೋಕದ ಪುಡಿ

“ಆ ಮಸಿ ಮೋರೆ ಹೊತ್ಕೊಂಡು ಇವತ್ತು ಮುಂದಿನ ಬಾಗಿಲ ಹತ್ರ ಸುಳಿದ್ರೆ ಕಾಲು ಮುರಿದು ಕೈಗೆ ಕೊಡ್ತೀನಿ, ಲೇ!”

ಅಕ್ಕ ಇಕ್ಕಳ ಕೆಳಗಿಡಲಿಲ್ಲ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಯೊಂದರ ಹೊಟ್ಟೆ ಸೀಳಿ, ಒಳಗಿನ ತಗಡಿನ ಸುರುಳಿ ಬಿಚ್ಚಿ, ಅದಕ್ಕೆ ಅಂಟಿದ್ದ ಕಪ್ಪು ಪುಡಿಯನ್ನು ಕೆರೆದು ಡಬ್ಬಕ್ಕೆ ಹಾಕಿದ ಮೇಲೆಯೇ ತಲೆ ಎತ್ತಿದಳು. ಬೈದವನು ಮಾಲೀಕ. ಹೆಂಗಸರು ಅವನಿಗೆ ಬಿಳಿಬೂಟು ಎಂದು ಹೆಸರಿಟ್ಟಿದ್ದರು. ಬೂಟಿಗೆ ಮಸಿ ಹತ್ತೀತೆಂದು ಅವನು ಈ ಶೆಡ್ಡಿನೊಳಗೆ ತುದಿಗಾಲಲ್ಲೇ ನಡೆಯುತ್ತಿದ್ದ.

“ನಾನ್ಯಾಕೆ ಬರ್ಲಿ ಧಣಿ? ನನ್ನ ತಂಗಿ ಕಾಗದ ಕೊಡಿ, ಈಗ್ಲೇ ಎದ್ದು ಆಸ್ಪತ್ರೆಗೆ ಹೋಗ್ತೀನಿ.”

“ಯಾವ ತಂಗಿ?”

ಯಾವ ತಂಗಿಯಂತೆ! ಮೂರು ವರ್ಷ ಅಕ್ಕನ ಮಗ್ಗುಲಲ್ಲೇ ಕೂತು ಬ್ಯಾಟರಿ ಒಡೆದವಳು. ಒಡೆಯುವುದಕ್ಕೆ ಮೊದಲು ಬ್ಯಾಟರಿಯನ್ನು ಎರಡು ದಿನ ಉಪ್ಪುನೀರಿನ ಡ್ರಮ್ಮಿನಲ್ಲಿ ಮುಳುಗಿಸಿ, ಒಳಗೆ ಉಳಿದ ಕರೆಂಟನ್ನು ಸಾಯಿಸಬೇಕು. ಆದರೂ ಒಂದೊಂದು ಸಾಯದೆ ಉಳಿದು, ಒಳಗೊಳಗೇ ಬೆಚ್ಚಗಾಗುತ್ತಿರುತ್ತದೆ. ಈ ಹೆಂಗಸರ ಅಂಗೈ ದಡ್ಡುಗಟ್ಟಿ ಯಾವ ಬಿಸಿಯೂ ತಿಳಿಯದು. ಹಾಗಾಗಿ ಪ್ರತಿಯೊಂದನ್ನೂ ಎತ್ತಿ, ಕೂಸಿನ ಗಲ್ಲಕ್ಕೆ ಗಲ್ಲ ತಾಗಿಸುವಂತೆ, ಕೆನ್ನೆಗೆ ಒತ್ತಿ ನೋಡುತ್ತಾರೆ. ತಣ್ಣಗಿದ್ದರೆ ಇಕ್ಕಳ, ಬೆಚ್ಚಗಿದ್ದರೆ ಮರಳಿನ ಬಕೆಟ್ಟು. ಹನ್ನೊಂದು ವರ್ಷ ಹೀಗೆ ಒತ್ತಿ ಒತ್ತಿ ಅಕ್ಕನ ಬಲಗೆನ್ನೆಯಲ್ಲಿ ಕಪ್ಪು ಕಲೆಯೊಂದು ಕೂತುಬಿಟ್ಟಿತ್ತು. ಯಾವ ಸೋಪಿಗೂ ಅದು ಜಗ್ಗುತ್ತಿರಲಿಲ್ಲ.

ಹೋದ ವಾರ ಲಾರಿ ಕಾಯುತ್ತಿದೆಯೆಂದು ಮೇಸ್ತ್ರಿ ಉಪ್ಪುನೀರು ಕಾಣದ ಬ್ಯಾಟರಿಗಳನ್ನೇ ತಂದು ಸುರಿದ. ತಂಗಿ ಒಂದನ್ನು ಎತ್ತಿ ಎಡಗೆನ್ನೆಗೆ ಒತ್ತಿದಳು. ಅದು ಅಲ್ಲೇ ಹೊತ್ತಿಕೊಂಡಿತು. ಎಡಗಣ್ಣು ಹೋಯಿತು. ಇದೇ ವಾರ ಆಪರೇಷನ್ ಮಾಡದಿದ್ದರೆ ಬಲಗಣ್ಣೂ ಉಳಿಯಲಿಕ್ಕಿಲ್ಲ ಎಂದರು ಡಾಕ್ಟರು. ಕೆಲಸಗಾರರ ಆಸ್ಪತ್ರೆ ಕೇಳಿದ್ದು ಒಂದೇ ಒಂದು ಸಾಲು: ಇವಳು ನಮ್ಮಲ್ಲಿ ಕೆಲಸಕ್ಕಿದ್ದಳು, ಗಾಯ ಇಲ್ಲೇ ಆಯಿತು. ಕೆಳಗೊಂದು ಸಹಿ.

“ನನ್ನ ಫ್ಯಾಕ್ಟ್ರೀಲಿ ಮನುಷ್ಯರೇ ಇಲ್ಲ, ತಿಳೀತಾ? ಕಾಗದದಲ್ಲಿ ಎಲ್ಲ ಮೆಷಿನ್ನೇ,” ಎಂದ ಬಿಳಿಬೂಟು.

ಸುತ್ತ ಇಪ್ಪತ್ತೆರಡು ಹೆಂಗಸರು ಕೂತಿದ್ದರು. ಮೂಲೆಯ ಮುದುಕಿ ಮಾತ್ರ ಬಾಯಿಬಿಟ್ಟಳು. “ಹಂಗಾದ್ರೆ ನನ್ನ ಮಂಡಿಗೆ ಒಂಚೂರು ಎಣ್ಣೆ ಬಿಡ್ಸಿ ಧಣಿ. ಕಿರ್ರ್ ಅಂತೈತೆ.”

ನಗೆ ಎದ್ದಿತು. ಬಿಳಿಬೂಟು ನಗಲಿಲ್ಲ. ಅವನ ಕಣ್ಣು ಅಕ್ಕನ ಮೇಲೆ ನಿಂತಿತು. ಅವಳಷ್ಟು ಸಣಕಲು ಮೈಯವಳು ಅಲ್ಲಿ ಬೇರೆ ಯಾರೂ ಇರಲಿಲ್ಲ.

“ನೋಡು, ಮೆಷಿನ್ ನೋಡೋಕೆ ಇವತ್ತು ಸರ್ಕಾರದ ಅಧಿಕಾರಿ ಬರ್ತಾನೆ. ನೀನು ಅದರೊಳಗೆ ಕೂತ್ಕೋ. ಅಧಿಕಾರಿ ಆ ಕಡೆ ಹೋಗ್ತಿದ್ದ ಹಾಗೇ ನಿನ್ನ ಕಾಗದಕ್ಕೆ ಸಹಿ.”

ಮೆಷಿನ್ನೆಂದರೆ ಹಾಳುಬಿದ್ದ ಹಿಟ್ಟಿನ ಗಿರಣಿಯ ಬಾಯಿಯನ್ನು ಹಳೇ ನೀರಿನ ಟ್ಯಾಂಕಿನ ತಲೆಗೆ ಬೆಸೆದು ಹಸಿರು ಬಣ್ಣ ಬಳಿದದ್ದು. ಮೈಮೇಲೆ ಮೂರು ಬಾಣ, ಒಂದರ ಬಾಲ ಒಂದು ಕಚ್ಚಿಕೊಂಡು ಸುತ್ತುವ ಹಾಗೆ. ಒಳಗೆ ಸದ್ದು ಮಾಡಲಿಕ್ಕೊಂದು ಮೋಟಾರು. ಕೆಲಸವೇನೆಂದರೆ, ಮೇಲಿನಿಂದ ಬ್ಯಾಟರಿ ಬೀಳುತ್ತದೆ, ಅಕ್ಕ ಮೋಟಾರು ಹಾಕಬೇಕು, ಮೊದಲೇ ಕೆರೆದಿಟ್ಟ ಪುಡಿಯನ್ನು ಮೂಟೆಯಿಂದ ಮೊಗೆದು ಕೆಳಗಿನ ಕಿಂಡಿಯಿಂದ ಆಚೆ ಸುರಿಯಬೇಕು. ಇಷ್ಟು ಬುದ್ಧಿ ಓಡಿಸುವುದಕ್ಕೆ ಇವನು ಆರು ತಿಂಗಳು ತೆಗೆದುಕೊಂಡಿದ್ದ.

“ಮರಳಿನ ಬಕೆಟ್ ಇಲ್ದೆ ನಾನು ಒಳಗೆ ಇಳಿಯಲ್ಲ,” ಎಂದಳು ಅಕ್ಕ.

“ತಗೊಂಡು ಸಾಯಿ. ಕೆಮ್ಮಿದ್ರೆ ಮಾತ್ರ ನಿನ್ನ ಕಾಗದ ಒಲೆಗೆ.”

ಉಳಿದವರನ್ನು ಹಿಂದಿನ ಗೋದಾಮಿಗೆ ನೂಕಿ ಚಿಲಕ ಹಾಕಿದರು. ಅಕ್ಕ ಹಿಂಬದಿಯ ತಗಡು ಸರಿಸಿ ಒಳಹೊಕ್ಕು, ಮಂಡಿ ಗದ್ದಕ್ಕೆ ತಾಗುವ ಹಾಗೆ ಮುದುರಿ ಕೂತಳು. ಮೇಸ್ತ್ರಿ ಹೊರಗಿನಿಂದ ಬೋಲ್ಟು ಬಿಗಿದ.

ಅಧಿಕಾರಿ ಬಂದ. ಕಿಂಡಿಯಲ್ಲಿ ಅಕ್ಕನಿಗೆ ಕಂಡದ್ದು ಅವನ ಸೊಂಟದ ಕೆಳಗಿನ ಭಾಗ, ಬಿಳಿ ಗವಸಿನ ಕೈ, ಪಕ್ಕದಲ್ಲಿ ಬಿಳಿಬೂಟು, ಹಿಂದೆ ಕ್ಯಾಮೆರಾದವನ ಚಪ್ಪಲಿ.

“ಇದೇನಾ ಸಾರ್, ಕೈ ಸೋಕದ ಪದ್ಧತಿ?” ಎಂದು ಅಧಿಕಾರಿ ಕೇಳಿದ.

“ಇದೇ ಸಾರ್. ಭೂಮಿ ಅಗೆಯೋದು ಬೇಡ, ಬೆಟ್ಟ ಒಡೆಯೋದು ಬೇಡ. ಹಳೇ ಬ್ಯಾಟರಿ ಹಾಕಿದ್ರೆ ಕೋಬಾಲ್ಟು, ನಿಕ್ಕಲ್ಲು, ಲಿಥಿಯಂ ಎಲ್ಲ ಇದ್ದ ಪುಡಿ ಬರುತ್ತೆ. ಅದೇ ಪುಡಿಯಿಂದ ಮತ್ತೆ ಹೊಸ ಬ್ಯಾಟರಿ. ಒಂದು ಚೂರೂ ದಂಡ ಆಗಲ್ಲ.”

“ನಾನೇ ಒಂದಿಷ್ಟು ತಂದಿದೀನಿ. ಹಾಕ್ಲಾ?”

ಅಕ್ಕ ಮರಳಿನ ಬಕೆಟ್ಟನ್ನು ಹತ್ತಿರ ಎಳೆದುಕೊಂಡಳು. ಅವು ಉಪ್ಪುನೀರು ಕಾಣದವು. ದಡದಡನೆ ಮೂರು ಬಿದ್ದವು, ಒಂದು ತಲೆಗೇ ಬಡಿಯಿತು. ಅವಳು ಮೋಟಾರು ಹಾಕಿ, ಕತ್ತಲಲ್ಲೇ ಒಂದನ್ನು ಕೆನ್ನೆಗೆ ಒತ್ತಿದಳು. ತಣ್ಣಗಿತ್ತು. ಎರಡನೆಯದೂ ತಣ್ಣಗೆ. ಮೂರನೆಯದು ಬೆಚ್ಚಗಿತ್ತು. ಅದನ್ನು ಮರಳಿನೊಳಗೆ ಹೂತು ಮೇಲೆ ಇನ್ನಷ್ಟು ಮರಳು ಎಳೆದಳು. ಪುಡಿ ಮೊಗೆದು ಆಚೆ ಸುರಿದಳು. ಹೊರಗೆ ಚಪ್ಪಾಳೆ.

“ಅದ್ಭುತ! ಅಂದ ಹಾಗೆ, ಹೋದ ವಾರ ಇಲ್ಲಿ ಯಾವಳೋ ಹುಡುಗಿ ಸುಟ್ಕೊಂಡ್ಲಂತೆ?”

ಅಕ್ಕ ಕಿಂಡಿಗೆ ಕಿವಿಯಿಟ್ಟಳು. ಹೇಳಿಬಿಡು, ನಿನ್ನ ಬಾಯಿಗೆ ಪುಣ್ಯ ಬರಲಿ, ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

“ಅಯ್ಯೋ, ಅವಳು ಕಳ್ಳಿ ಸಾರ್. ಗುಜರಿ ಕದಿಯಕ್ಕೆ ಗೋಡೆ ಹಾರಿದ್ಲು. ನಿನ್ನೇನೇ ಪೊಲೀಸ್ ಕಂಪ್ಲೇಂಟ್ ಕೊಟ್ಟಿದೀನಿ.”

“ಛೆ, ಇಂಥವರಿಂದ್ಲೇ ಹೆಸರು ಕೆಡೋದು. ಬರ್ಕೋತೀನಿ: ಯಂತ್ರದಿಂದ ಯಾರಿಗೂ ಹಾನಿ ಇಲ್ಲ.”

ನಿನ್ನೆ! ನಿನ್ನೆಯೇ ಕಳ್ಳಿಯೆಂದು ಬರೆಸಿ ಬಂದು ಇವತ್ತು ಸಹಿಯ ಆಸೆ ತೋರಿಸಿ ಒಳಗೆ ಕೂರಿಸಿದ್ದ, ಹಲ್ಕಾ ನನ್ಮಗ. ಅಕ್ಕನ ಮೈಯೆಲ್ಲ ಉರಿಯಿತು. ಅವಳು ಮೋಟಾರು ಆರಿಸಿದಳು.

“ಕರೆಂಟು ಹೋಯ್ತಾ?” ಎಂದ ಅಧಿಕಾರಿ.

“ಹ್ಞಾಂ ಸಾರ್, ಕರೆಂಟು,” ಎಂದ ಬಿಳಿಬೂಟು. ಅವನ ತಲೆಯ ಮೇಲೆ ದೀಪ ಝಗಝಗ ಉರಿಯುತ್ತಿತ್ತು.

ಅಧಿಕಾರಿ ಬಗ್ಗಿ ಕಿಂಡಿಗೆ ಕೈ ಹಾಕಿದ. ಒಳಗಿನಿಂದ ಕಪ್ಪು ಕೈಯೊಂದು ಬಂದು ಅವನ ಮಣಿಕಟ್ಟನ್ನು ಹಿಡಿಯಿತು. ಅವನು ಚೀರಿದ. ಹಿಂದೆಯೇ ಅಕ್ಕನ ಮುಖ ಕಿಂಡಿಯಿಂದ ಆಚೆ ಬಂತು. ಅವಳು ಬಿಳಿ ಗವಸಿನ ಆ ಅಂಗೈಯನ್ನು ಎಳೆದು ತನ್ನ ಬಲಗೆನ್ನೆಗೆ ಒತ್ತಿಕೊಂಡಳು.

“ನೋಡಿ ಸ್ವಾಮಿ, ಮೆಷಿನ್ನು ಬೆಚ್ಚಗಿದೆಯಾ?”

“ಕ್ಯಾಮೆರಾ ನಿಲ್ಸೋ ಬೋಳಿಮಗನೇ!” ಎಂದು ಬಿಳಿಬೂಟು ಅರಚಿದ. ಕ್ಯಾಮೆರಾದವನಿಗೆ ಕೇಳಿಸಿದಂತಿರಲಿಲ್ಲ. ಹಿಂದಿನ ಗೋದಾಮಿನಲ್ಲಿ ಯಾರೋ ಇಕ್ಕಳದಿಂದ ತಗಡು ಬಡಿಯತೊಡಗಿದರು. ಆಮೇಲೆ ಎಲ್ಲರೂ ಬಡಿದರು.

ಅಧಿಕಾರಿ ಕೈ ಕೊಸರಿದ. ಅಕ್ಕ ಬಿಡಲಿಲ್ಲ.

“ಬರ್ಕೊಳ್ಳಿ. ಈ ಮೆಷಿನ್ನಿಗೆ ಒಬ್ಬಳು ತಂಗಿ ಇದಾಳೆ. ಅವಳ ಕಣ್ಣು ಇಲ್ಲೇ ಹೋಯ್ತು. ಇನ್ನೊಂದು ಕೈಯಲ್ಲಿ ಪೆನ್ನು ಇದೆಯಲ್ಲ, ಬರೀರಿ.”